ಕೆಡದ ಸೈಕಲ್ಲಿಗೆ ರಿಪೇರಿ

ಮೊನ್ನೆ ಯುಗಾದಿಯ ಬೆಳಿಗ್ಗೆ ಹೆಂಡತಿ ಹರಳೆಣ್ಣೆ ಬೆಚ್ಚಗೆ ಮಾಡಲು ಒಲೆಯ ಮೇಲಿಟ್ಟಿದ್ದಳು. ಆ ಮಂದವಾದ, ಗಂಟಲಿಗೇ ಅಂಟಿಕೊಳ್ಳುವಂಥ ವಾಸನೆ ಅಡುಗೆಮನೆಯಿಂದ ನಡುಮನೆಯವರೆಗೂ ಬಂತು. ಮಗಳು ಮೂಗು ಹಿಡಿದುಕೊಂಡು "ಡ್ಯಾಡ್, ದಟ್ಸ್ ಡಿಸ್ಗಸ್ಟಿಂಗ್" ಎಂದು ಮಹಡಿ ಹತ್ತಿ ಹೋದಳು. ಹರಳೆಣ್ಣೆ ಎಂದರೆ ಬೇರೆಯವರಿಗೆ ಅಜ್ಜಿ ನೆನಪಾಗಬಹುದು, ಬಚ್ಚಲಮನೆಯ ಹೊಗೆ ನೆನಪಾಗಬಹುದು. ನನಗೆ ನೆನಪಾಗುವುದು ಒಂದು ಹಸಿರು ಸೈಕಲ್ಲು, ಮತ್ತು ವರ್ಷವರ್ಷವೂ ಅದಕ್ಕೆ ಎಣ್ಣೆ ಸ್ನಾನ ಮಾಡಿಸುತ್ತಿದ್ದ ಮೇಲಿನ ಮನೆಯ ಕಾಕಾ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಫೆಲ್ಥಮ್‌ಗೆ ಬಂದಾಗ ಮದುವೆಯಾಗಿರಲಿಲ್ಲ. ಹೀಥ್ರೂ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಸೂಟ್‌ಕೇಸುಗಳನ್ನು ಎತ್ತಿ ಹಾಕುವ ಕೆಲಸ. ಮೈಸೂರಿನಲ್ಲಿ ಬಿ.ಕಾಂ. ಮುಗಿಸಿದ್ದೇನೆ ಎನ್ನುವುದು ನನಗೆ ಗೊತ್ತಿತ್ತು, ಸೂಟ್‌ಕೇಸುಗಳಿಗೆ ಗೊತ್ತಿರಲಿಲ್ಲ. ವಾರಕ್ಕೆ ಆರು ದಿನ ಶಿಫ್ಟು, ಸೊಂಟ ಯಾವಾಗಲೂ ನೋವು, ಭಾನುವಾರ ಒಂದೇ ನನ್ನದು. ನಾನಿದ್ದದ್ದು ಇಲ್ಲಿನ ನಗರಸಭೆ ಬಾಡಿಗೆಗೆ ಕೊಡುವ ಎರಡಂತಸ್ತಿನ ಹಳೆಯ ಕಟ್ಟಡದ ಕೆಳಗಿನ ಫ್ಲಾಟು. ಬಂದ ವಾರದಲ್ಲೇ ಊರಿಗೆ ಫೋನ್ ಮಾಡಿ ಅಮ್ಮನ ಹತ್ತಿರ ಕಿರುಚಿ ಮಾತಾಡಿದ್ದು ಮೇಲಿನವರಿಗೆ ಕೇಳಿಸಿತ್ತು. ಮರುದಿನ ಬಾಗಿಲು ತಟ್ಟಿ ನಿಂತವರು ಇವರು. ಧಾರವಾಡದವರು. ಆಸ್ಪತ್ರೆಯೊಂದರ ಔಷಧಿ ಉಗ್ರಾಣದಲ್ಲಿ ದುಡಿದು ನಿವೃತ್ತರಾಗಿದ್ದವರು. ಮಕ್ಕಳಿರಲಿಲ್ಲ. ಅವರನ್ನು ಕಾಕಾ, ಅವರ ಹೆಂಡತಿಯನ್ನು ಕಾಕೂ ಎಂದು ಕರೆಯಲು ಯಾರೂ ಹೇಳಿಕೊಡಬೇಕಾಗಲಿಲ್ಲ.

ಅವರ ಸೈಕಲ್ಲಿಗೂ ಒಂದು ಪಂಚಾಂಗವಿತ್ತು. ಎಲ್ಲರೂ ಆಯುಧಪೂಜೆ ಮಾಡಿ ಗಾಡಿ ಹೊರಗೆ ತೆಗೆದರೆ ಕಾಕಾ ಆಯುಧಪೂಜೆ ಮಾಡಿ ಒಳಗೆ ಇಡುತ್ತಿದ್ದರು. ಕುಂಕುಮ ಹಚ್ಚಿ, ಹ್ಯಾಂಡಲ್ಲಿಗೆ ಹೂವು ಸಿಕ್ಕಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಜಜ್ಜಿ, ಆಮೇಲೆ ಕಾಕೂ ಉಟ್ಟು ಬಿಟ್ಟ ಇಳಕಲ್ ಸೀರೆಯೊಂದನ್ನು ಹೊದಿಸಿ ಹಿತ್ತಲಿನ ಶೆಡ್ಡಿನಲ್ಲಿ ನಿಲ್ಲಿಸುತ್ತಿದ್ದರು. ಅಲ್ಲಿಂದ ಯುಗಾದಿಯವರೆಗೆ ಅದು ಬಾಣಂತನಕ್ಕೆ ತವರಿಗೆ ಬಂದ ಮಗಳ ಹಾಗೆ ಬೆಚ್ಚಗಿರುತ್ತಿತ್ತು. ಈ ಊರಿನ ಚಳಿಗೆ ಮನುಷ್ಯರೇ ತಡೆಯುವುದಿಲ್ಲ, ಸೈಕಲ್ಲು ಹೇಗೆ ತಡೆದೀತು ಎನ್ನುವುದು ಅವರ ವಾದ.

ಯುಗಾದಿ ಕಳೆದ ಮೊದಲ ಬಿಸಿಲಿನ ಭಾನುವಾರ ಬುಷಿ ಪಾರ್ಕಿಗೆ ಹೋಗಬೇಕು. ಅಲ್ಲಿ ಜಿಂಕೆಗಳನ್ನು ನೋಡುತ್ತಾ ಹಚ್ಚಿದ ಅವಲಕ್ಕಿ ತಿಂದು, ಫ್ಲಾಸ್ಕಿನ ಚಹಾ ಕುಡಿದು, ಸಂಜೆಯೊಳಗೆ ವಾಪಸು. ಇಷ್ಟೇ ಯಾತ್ರೆ. ನಾನೊಂದು ಸೆಕೆಂಡ್‌ಹ್ಯಾಂಡ್ ಸೈಕಲ್ಲು ಕೊಂಡಿದ್ದೆ, ಅವರ ಹಿಂದೆ ಹೋಗುತ್ತಿದ್ದೆ. ಆದರೆ ಅದಕ್ಕೆ ನಡೆಯುತ್ತಿದ್ದ ತಯಾರಿ ನೋಡಿದರೆ ಕಾಶಿಗೆ ಹೊರಟವರೂ ನಾಚಬೇಕಾಗಿತ್ತು. ಶಿವರಾತ್ರಿಯ ಹೊತ್ತಿಗೇ ಹೆಲ್ಮೆಟ್ ಹಾಕಿಕೊಂಡು ತಿಂಡಿಗೆ ಕೂರುತ್ತಿದ್ದರು. ತಲೆಗೆ ರೂಢಿಯಾಗಲಿ ಅಂತ. ಕುರ್ಚಿಯ ಮೇಲೆ ಕೂತು, ಪೇಪರ್ ಓದುತ್ತಾ, ಗಾಳಿಯಲ್ಲೇ ಪೆಡಲ್ ತುಳಿಯುತ್ತಿದ್ದರು. ದೀಪಾವಳಿಯಿಂದ ಸಂಕ್ರಾಂತಿಯವರೆಗೆ ತಿಂದ ಉಂಡಿ, ಹೋಳಿಗೆಗಳಿಂದ ಪ್ಯಾಂಟಿನ ಗುಂಡಿ ಹಾಕಲಾಗದಿದ್ದರೆ ಸೀಟು ಬಹಳ ಮೇಲಿದೆ ಎಂದು ಸೀಟಿನ ಮೇಲೆ ತಪ್ಪು ಹೊರಿಸುತ್ತಿದ್ದರು.

ಅಡುಗೆಮನೆಯ ಗೋಡೆಯ ಮೇಲೆ ಹುಬ್ಬಳ್ಳಿಯಿಂದ ತರಿಸಿದ ಕ್ಯಾಲೆಂಡರು. ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. ಅಷ್ಟರೊಳಗೆ ಮನೆ ಸೇರಬೇಕು. ಸರಿ. ಆದರೆ ಮಾರ್ಚ್ ಕೊನೆಯಲ್ಲಿ ಇಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರಲ್ಲ, ಆಗ ರಾಹುಕಾಲವೂ ಮುಂದಕ್ಕೆ ಹೋಗುತ್ತದೆಯೋ ಇಲ್ಲವೋ ಎಂಬ ದೊಡ್ಡ ಚರ್ಚೆ ನಡೆಯಿತು.

"ರಾಹು ಏನ ಇಲ್ಲಿ ಸರಕಾರದ ಮಾತ ಕೇಳ್ತಾನೇನು? ಅಂವಾ ಅವನ ಟೈಮಿಗೆ ಬರ್ತಾನ," ಎಂದರು ಕಾಕಾ.

"ಹಾಗಾದ್ರೆ ಯಾವುದು ಲೆಕ್ಕಕ್ಕೆ ತಗೊಳ್ಳೋದು ಕಾಕಾ?" ಎಂದೆ.

"ಎರಡೂ ಬಿಡೂಣು."

ಹಾಗಾಗಿ ನಾಲ್ಕೂವರೆಯಿಂದ ಏಳರವರೆಗೆ ನಾವಿಬ್ಬರೂ ಸೈಕಲ್ ಮುಟ್ಟುವಂತಿರಲಿಲ್ಲ.

ಇನ್ನು ಆ ಎಣ್ಣೆಯ ಕಥೆ. ನಾನು ಬಂದ ನಂತರದ ಮೊದಲ ಯುಗಾದಿ ಅದು. ತಾವು ಎಣ್ಣೆ ಹಚ್ಚಿಕೊಂಡ ಕೈಯಲ್ಲೇ ಸೈಕಲ್ಲಿಗೂ ಹಚ್ಚಿದರು. ಹರಳೆಣ್ಣೆಗೆ ಅವರು ಔಡಲೆಣ್ಣಿ ಎನ್ನುತ್ತಿದ್ದರು. ಚೈನಿಗೆ ಹಚ್ಚಿದ್ದು ಸರಿ. ಒಣಗಿ ಕಾಣುತ್ತಿದೆ ಪಾಪ ಎಂದು ರಿಮ್ಮಿಗೂ ನಾಲ್ಕು ಕೈ ತಿಕ್ಕಿದ್ದರು. ಬ್ರೇಕು ಹಿಡಿಯಬೇಕಾದ್ದು ಅಲ್ಲೇ ಎಂದು ಅವರಿಗೂ ಹೊಳೆಯಲಿಲ್ಲ, ಪಕ್ಕದಲ್ಲೇ ನಿಂತು ಸೀಸೆ ಹಿಡಿದುಕೊಂಡಿದ್ದ ನನಗೂ ಹೊಳೆಯಲಿಲ್ಲ. ಭಾನುವಾರ ಪಾರ್ಕಿಗೆ ಹೊರಟೆವು. ಹ್ಯಾನ್‌ವರ್ತ್ ದಾಟಿದ ಮೇಲೆ ಒಂದು ಇಳಿಜಾರು. ಕಾಕಾ ಗಂಟೆ ಬಾರಿಸುತ್ತಾ, "ಸರೀರಿ ಸರೀರಿ" ಎಂದು ಧಾರವಾಡದ ಕನ್ನಡದಲ್ಲೇ ಕೂಗುತ್ತಾ ಹೋಗಿ ಒಂದು ಮನೆಯ ಬೇಲಿಯ ಹಸಿರೊಳಗೆ ಸೇರಿಕೊಂಡರು. ಚಕ್ರ ಮಾತ್ರ ಹೊರಗಿತ್ತು. ಮನೆಯಾಕೆ ಓಡಿ ಬಂದು "ಆರ್ ಯೂ ಆಲ್‌ರೈಟ್, ಲವ್?" ಎಂದು ಕೇಳಿದರೆ ಬೇಲಿಯೊಳಗಿಂದ ಬಹಳ ಗಂಭೀರವಾಗಿ "ವೆರಿ ಫೈನ್ ಮೇಡಮ್, ಥ್ಯಾಂಕ್ಯೂ" ಎಂಬ ಉತ್ತರ ಬಂತು. ಆ ವರ್ಷ ಜಿಂಕೆ ನೋಡಿದಾಗಲೂ ಅವರ ಮೈಯಿಂದ ಔಡಲೆಣ್ಣೆಯದೇ ವಾಸನೆ. ನಕ್ಕೂ ನಕ್ಕೂ ನನ್ನ ಸೊಂಟದ ನೋವು ಮರೆತುಹೋಗಿತ್ತು.

ಹೀಗೆ ನಾಲ್ಕು ವರ್ಷ ಹೋಗಿ ಬಂದೆವು. ಐದನೆಯ ವರ್ಷ...

ಐದನೆಯ ವರ್ಷ ಯುಗಾದಿಗೆ ಒಂದು ವಾರವಿರುವಾಗ ಕಾಕೂ ಒಬ್ಬರೇ ಕೆಳಗಿಳಿದು ಬಂದರು. ಕಾಕಾ ಆಗ ಡಾಕ್ಟರ ಹತ್ತಿರ ಹೋಗಿದ್ದರು. ಕಾಕೂ ಕೈಯಲ್ಲಿ ಶೇಂಗಾ ಉಂಡಿಯ ಡಬ್ಬಿ. ಬಾಗಿಲಲ್ಲೇ ನಿಂತು ಹೇಳಿದರು.

"ತಮ್ಮಾ, ಈ ವರ್ಷ ಅವರನ್ನ ಸೈಕಲ್ ಮ್ಯಾಲೆ ಹತ್ತಸಬ್ಯಾಡಪಾ. ಎದಿ ಭಾಳ ಸೋತದ ಅಂದಾರ ಡಾಕ್ಟರು. ಆದ್ರ ನಾ ಹೇಳೇನಿ ಅಂತ ಹೇಳಬ್ಯಾಡ. ಏನರೆ ನೆವಾ ತಗದು ಮುಂದಕ್ಕ ಹಾಕ್ಕೋತ ಹೋಗು."

ಆಯ್ತು ಎಂದೆ. ಉಂಡಿ ಇಸಿದುಕೊಂಡೆ. ಒಪ್ಪಿಕೊಂಡಾಗ ಅದೆಷ್ಟು ಭಾನುವಾರ ತಿನ್ನುವ ಕೆಲಸ ಎಂದು ಗೊತ್ತಾಗಲಿಲ್ಲ.

ಮೊದಲನೇ ಭಾನುವಾರ ಟೈರು ಸವೆದಿದೆ ಎಂದೆ. ಎರಡನೆಯದಕ್ಕೆ ಬ್ರೇಕಿನ ತಂತಿ. ಮೂರನೆಯದಕ್ಕೆ ಹಿಂದಿನ ಚಕ್ರ ಓಲಾಡುತ್ತಿದೆ ಎಂದು ಇಡೀ ಚಕ್ರ ಬಿಚ್ಚಿ ಹಾಕಿದೆ, ಮತ್ತೆ ಜೋಡಿಸಲು ನಿಜವಾಗಿಯೂ ಬರಲಿಲ್ಲ, ಅದರಿಂದ ಇನ್ನೊಂದು ವಾರ ಸಿಕ್ಕಿತು. ಕಾಕಾ ಶೆಡ್ಡಿನ ಮುಂದೆ ಮಡಿಸುವ ಕುರ್ಚಿ ಹಾಕಿಕೊಂಡು, ಹೆಲ್ಮೆಟ್ ಹಾಕಿಕೊಂಡು, ತೊಡೆಯ ಮೇಲೆ ನಟ್ಟು ಬಿಚ್ಚುವ ಪಾನಾಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿರುತ್ತಿದ್ದರು. ನಾನು ಕೇಳಿದ ನಂಬರಿನ ಪಾನಾ ಎತ್ತಿ ಕೊಡುತ್ತಿದ್ದರು. ತಲೆಯ ಮೇಲೆ ವಿಮಾನ ಹೋಗುವಾಗ ಮಾತು ನಿಲ್ಲುತ್ತಿತ್ತು. ಹೋದ ಮೇಲೆ ಬಿಟ್ಟ ಕಡೆಯಿಂದಲೇ ಶುರು. ಧಾರವಾಡದ ಕಾಲೇಜಿನ ದಿನಗಳು, ಈ ಊರಿಗೆ ಬಂದ ಮೊದಲ ಚಳಿಗಾಲ, ಕಾಕೂಗೆ ಹಿಮ ನೋಡಿ ಅಳು ಬಂದದ್ದು... ಎಷ್ಟೋ ಹೇಳಿದರು. ನಾನು ಅರ್ಧ ಕೇಳಿಸಿಕೊಂಡೆ. ಉಳಿದರ್ಧ ಮುಂದಿನ ವಾರ ಯಾವ ಭಾಗ ಕೆಟ್ಟಿದೆ ಎನ್ನಲಿ ಎಂದು ಯೋಚಿಸುತ್ತಿದ್ದೆ.

ಒಂದು ವಿಚಿತ್ರ ಆಗಲೇ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಲಿಲ್ಲ. ನನಗೆ ನೆವ ಹೊಳೆಯದೆ ತಡವರಿಸಿದಾಗಲೆಲ್ಲ ಅವರೇ ಒಂದು ಕೊಡುತ್ತಿದ್ದರು. "ಚೈನು ಸ್ವಲ್ಪ ಸಡಲ ಅನಸ್ತದ, ನೋಡಪಾ." ನಾನು ತಕ್ಷಣ ಹೌದು ಹೌದು, ಬಹಳ ಸಡಿಲ ಎನ್ನುತ್ತಿದ್ದೆ. ನನ್ನ ಅದೃಷ್ಟ, ಮುದುಕರು ಏನೂ ಗೊತ್ತಾಗದೆ ನನ್ನ ಬಲೆಗೇ ಬೀಳುತ್ತಿದ್ದಾರೆ ಅಂದುಕೊಂಡೆ.

ಏಪ್ರಿಲ್ ಹೋಯಿತು, ಮೇ ಹೋಯಿತು. ಜೂನಿನಲ್ಲಿ ನಮ್ಮಲ್ಲಿ ರಜೆಯ ಪ್ರಯಾಣಿಕರ ನೂಕುನುಗ್ಗಲು ಶುರುವಾಯಿತು. ಸೂಟ್‌ಕೇಸುಗಳು ಕಲ್ಲಾದವು. ಸತ್ಯ ಹೇಳಿಬಿಡುತ್ತೇನೆ, ಆ ಭಾನುವಾರಗಳು ನನಗೆ ಸಾಕಾಗಿಹೋಗಿದ್ದವು. ಎಲ್ಲ ಸರಿಯಿರುವ ಸೈಕಲ್ಲನ್ನು ಬಿಚ್ಚುವುದು, ಮತ್ತೆ ಜೋಡಿಸುವುದು. ಆರು ದಿನ ಕಂಡವರ ಸಾಮಾನು ಎತ್ತುತ್ತೇನೆ, ಏಳನೆಯ ದಿನ ಇವರ ಸುಳ್ಳನ್ನೂ ನಾನೇ ಎತ್ತಬೇಕೇ ಎಂದು ಸಿಟ್ಟು ಬರುತ್ತಿತ್ತು. ಆ ಭಾನುವಾರ ಎದ್ದಾಗಲೇ ಮೈ ಮುರಿದುಹೋದಂತಿತ್ತು. ಕಾಕಾ ಎಂದಿನಂತೆ ಹೆಲ್ಮೆಟ್ ಹಾಕಿಕೊಂಡು ಕೂತು, "ಇವತ್ತ ಏನ ನೋಡೂಣು ತಮ್ಮಾ?" ಎಂದು ಕೇಳಿದರು.

"ನೋಡೋಕೆ ಏನೂ ಉಳಿದಿಲ್ಲ ಕಾಕಾ. ಎಲ್ಲಾ ಸರಿ ಇದೆ. ಹತ್ತಿ, ಹೋಗಿ ಬನ್ನಿ."

ಅಂದುಬಿಟ್ಟೆ. ಬಾಯಿಂದ ಹೊರಗೆ ಬಿದ್ದ ಮೇಲೆ ಕಾಕೂಗೆ ಕೊಟ್ಟ ಮಾತು ನೆನಪಾಯಿತು. ತಡೆಯಬಹುದಾಗಿತ್ತು. ಇನ್ನೂ ಪಂಪು ಹೊಡೆಯಬೇಕು ಎಂದರೂ ಸಾಕಿತ್ತು. ನಾನು ಸುಮ್ಮನೆ ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತಾ ನಿಂತೆ.

ಕಾಕಾ ನನ್ನ ಮುಖ ನೋಡಿದರು. ಎಷ್ಟು ಹೊತ್ತು ನೋಡಿದರೋ... ಆಮೇಲೆ ಪಾನಾಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ, "ಹೌದಲಾ, ಎಲ್ಲಾ ಸರಿ ಮಾಡೀದಿ," ಎಂದು ಎದ್ದರು. ಪ್ಯಾಂಟಿನ ಕೆಳಗೆ ಕ್ಲಿಪ್ಪು ಹಾಕಿಕೊಂಡರು. ಸೈಕಲ್ಲನ್ನು ಓರೆ ಮಾಡಿ ಕಾಲು ಹಾಕಿ ಹತ್ತಿದರು. ನಮ್ಮ ಕಟ್ಟಡದ ಹಿಂದಿನ ಗಲ್ಲಿಯ ಕೊನೆಯವರೆಗೆ, ಹೆಚ್ಚೆಂದರೆ ಮೂವತ್ತು ಹೆಜ್ಜೆ ದೂರ, ತುಳಿದುಕೊಂಡು ಹೋದರು. ಅಲ್ಲಿ ದೀಪದ ಕಂಬ ಹಿಡಿದು ನಿಂತರು. ನನಗೆ ಬೆನ್ನು ಕಾಣುತ್ತಿತ್ತು. ಒಂದು ವಿಮಾನ ಹೋಯಿತು, ಅದರ ಹಿಂದೆ ಇನ್ನೊಂದು ಹೋಯಿತು, ಅವರು ಕಂಬ ಬಿಡಲಿಲ್ಲ. ನಾನು ಹೋಗಿ ಹಿಡಿದುಕೊಳ್ಳಬೇಕಿತ್ತು. ಹೋದರೆ ಎಲ್ಲ ಬಯಲಾಗುತ್ತದೆ ಎಂಬ ಭಯದಲ್ಲಿ ನಿಂತಲ್ಲೇ ನಿಂತೆ. ಕೊನೆಗೆ ಸೈಕಲ್ಲನ್ನು ತಳ್ಳಿಕೊಂಡು ನಡೆದು ಬಂದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

"ಬ್ರೇಕು ಛಲೋ ಹಿಡೀತಾವ," ಎಂದರು. "ಇವತ್ತ ಗಾಳಿ ಭಾಳ ಅದ. ಪಾರ್ಕಿಗೆ ಮುಂದಿನ ವಾರ ಹೋಗೂಣು."

ಮುಂದಿನ ವಾರ ನಾನು ಓವರ್‌ಟೈಮ್ ಬರೆಸಿಕೊಂಡೆ. ಅದರ ಮುಂದಿನ ವಾರವೂ ಬರೆಸಿಕೊಂಡೆ. ಮೆಟ್ಟಿಲ ಹತ್ತಿರ ಸಿಕ್ಕಾಗ ಕೆಲಸ ಜಾಸ್ತಿ ಕಾಕಾ ಎಂದೆ. ಮೈ ಜ್ವಾಪಾನ ಮಾಡಿಕೋ ಎಂದು ಅವರೇ ನನಗೆ ಹೇಳಿದರು. ಆಗಸ್ಟಿನಲ್ಲಿ ಆಂಬುಲೆನ್ಸು ಬಂತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು, ಮನೆಗೆ ಬರಲಿಲ್ಲ.

ಕಾಕೂ ಫ್ಲಾಟು ಬಿಟ್ಟು ಲೆಸ್ಟರಿನಲ್ಲಿದ್ದ ತಂಗಿಯ ಮನೆಗೆ ಹೋದರು. ನನಗೆ ಮದುವೆಯಾಯಿತು, ಮಗಳು ಹುಟ್ಟಿದಳು, ಇದೇ ಫೆಲ್ಥಮ್‌ನಲ್ಲಿ ಸಣ್ಣ ಮನೆ ಮಾಡಿಕೊಂಡೆ. ಹಬ್ಬಹಬ್ಬಕ್ಕೆ ಕಾಕೂಗೆ ಫೋನ್ ಮಾಡುತ್ತೇನೆ. ಆದರೆ ಆ ಭಾನುವಾರದ ಮಾತು ಇಷ್ಟು ವರ್ಷ ಬಾಯಿಗೆ ಬರಲಿಲ್ಲ. ಹತ್ತಿ ಎಂದು ನಾನು ಹೇಳದಿದ್ದರೆ ಅವರು ಇನ್ನೂ ಕೆಲವು ತಿಂಗಳು ಇರುತ್ತಿದ್ದರೋ ಏನೋ ಎನ್ನುವುದು ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಮೊನ್ನೆ ಯುಗಾದಿಯ ದಿನ ಮಾತ್ರ ತಡೆಯಲಾಗಲಿಲ್ಲ. ಹಬ್ಬದ ಮಾತು ಮುಗಿದ ಮೇಲೆ, "ಕಾಕೂ, ನಿಮಗೆ ಕೊಟ್ಟ ಮಾತು ನಾನು ಉಳಿಸಿಕೊಳ್ಳಲಿಲ್ಲ. ಅವತ್ತು ಕಾಕಾನ್ನ ಸೈಕಲ್ ಹತ್ತಿಸಿದ್ದು ನಾನೇ," ಎಂದೆ.



"ಗೊತ್ತದಪಾ. ಕಿಡಕ್ಯಾಗಿಂದ ನೋಡೀನಿ," ಎಂದರು. ಆಮೇಲೆ ನಿಧಾನವಾಗಿ, "ನಾ ಅವತ್ತ ಉಂಡಿ ತಗೊಂಡು ನಿನ್ನ ಹಂತ್ಯಾಕ ಬಂದಿದ್ದೆ ಅಲಾ, ಕಳಿಸಿದವರು ನಿಮ್ಮ ಕಾಕಾನ. 'ನನಗ ಸೈಕಲ್ ಹತ್ತಲಿಕ್ಕೆ ಆಗೂದಿಲ್ಲ ಅಂತ ನೇರ ಹೇಳಿದ್ರ ಅಂವಾ ಇನ್ಯಾಕ ಬರ್ತಾನ? ದಣದಿರ್ತಾನ, ಮನ್ಯಾಗ ಮಲಕೋತಾನ. ರಿಪೇರಿ ಅಂತ ಇದ್ರ ಐತವಾರಕ್ಕೊಮ್ಮೆ ಬಂದು ಕೂಡ್ತಾನ.' ಹಿಂಗ ಅಂದಿದ್ರು," ಎಂದರು.

ಫೋನಿಟ್ಟೆ. ಹಾಗಾದರೆ ಕಾಕಾಗೆ ಎಲ್ಲ ಗೊತ್ತಿತ್ತು. ಟೈರು ಸವೆದಿರಲಿಲ್ಲ ಎಂದು ಗೊತ್ತಿತ್ತು, ಚಕ್ರ ಓಲಾಡುತ್ತಿರಲಿಲ್ಲ ಎಂದು ಗೊತ್ತಿತ್ತು. ನೋಡೋಕೆ ಏನೂ ಉಳಿದಿಲ್ಲ ಎಂದು ನಾನು ಅಂದಾಗ ಅವರಿಗೆ ಏನು ಕೇಳಿಸಿತು ಎಂದು ಈಗ ಗೊತ್ತಾಗುತ್ತಿದೆ. ಆ ಮೂವತ್ತು ಹೆಜ್ಜೆ ಅವರು ತುಳಿದದ್ದು ಪಾರ್ಕಿಗಲ್ಲ, ನಾನು ಮುಂದಿನ ವಾರವೂ ಬರಲಿ ಎಂದು.

ಸೈಕಲ್ಲು ಇಲ್ಲದಿದ್ದರೂ ಬರುತ್ತಿದ್ದೆ ಕಾಕಾ, ಒಂದು ಮಾತು ಹೇಳಿದ್ದರೆ ಸಾಕಿತ್ತು ಎನ್ನಲು ಈಗ ಬಾಯಿ ಬರುತ್ತದೆ. ಆದರೆ ಆಗಿನ ನನ್ನನ್ನು ನಾನು ಬಲ್ಲೆ, ಅವರೂ ಚೆನ್ನಾಗಿಯೇ ಬಲ್ಲವರಾಗಿದ್ದರು. ಬರುತ್ತಿರಲಿಲ್ಲ. ಮಲಗಿರುತ್ತಿದ್ದೆ.