ಅಣ್ಣನನ್ನು ಕೆಡವುವವರೇ ಇರಲಿಲ್ಲ

ಅಣ್ಣನ ಎರಡೂ ಕಿವಿ ಒಡೆದು, ಬೇಯಿಸಿದ ಆಲೂಗಡ್ಡೆಯ ಹಾಗೆ ಗಡ್ಡೆಕಟ್ಟಿದ್ದವು. ಕುಸ್ತಿಯಲ್ಲಿ ತಲೆಗೆ ತಲೆ ತಿಕ್ಕಿ ಆದದ್ದು. ಆ ಕಿವಿ ನೋಡಿಯೇ ಸಿನಿಮಾದವರು ಅವರನ್ನು ಆರಿಸಿದರು. ಹಂಪಿಯ ಶೂಟಿಂಗ್‌ನಲ್ಲಿ ಜನರನ್ನು ತಡೆಯಲು ಹೋದವರು, ಸಂಜೆಗೆ ಕ್ಯಾಮೆರಾ ಮುಂದೆ ನಿಂತಿದ್ದರು. ಕೆಲವೇ ವರ್ಷಕ್ಕೆ ದೊಡ್ಡ ಖಳನಾಯಕರಾದರು. ಹೊಸಪೇಟೆಯಲ್ಲಿ ಎತ್ತರದ ಗೋಡೆಯ ಮನೆ ಕಟ್ಟಿಸಿದರು.

ಕಂಪ್ಲಿಯ ಗರಡಿಯಲ್ಲಿ ದಿನಾ ಅವರ ಕೂಡ ಕುಸ್ತಿ ಹಿಡಿಯುವ ಜೋಡಿ ನಾನು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಅದಕ್ಕೇ ಅಣ್ಣ. ನಾನು ರೈಸ್ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದೆ. ನಾನು ಪಟ್ಟು ಸಡಿಲ ಬಿಟ್ಟರೆ ಅಣ್ಣ ಮೊಣಕೈಯಿಂದ ಕುತ್ತಿಗೆಗೆ ಗುದ್ದುತ್ತಿದ್ದರು. "ಸುಮ್ನ ಬೀಳಾಂವನ ಕೂಡ ಊಟಕ್ಕ ಕುಂದ್ರಬ್ಯಾಡಲೇ" ಅನ್ನುವುದು ಅವರ ಮಾತು.

ಹೆಸರು ಬಂದ ಮೇಲೆ ಒಮ್ಮೆ ಕಂಪ್ಲಿಯ ಬಸ್ ಸ್ಟ್ಯಾಂಡಿನ ಹತ್ತಿರ ಕಾರು ನಿಲ್ಲಿಸಿ ಮಿರ್ಚಿ ತಿನ್ನಲು ಇಳಿದರು. ಜನ ಮುಗಿಬಿದ್ದು ಅಂಗಿ ಹರಿದರು, ಕುತ್ತಿಗೆಗೆ ಉಗುರು ನೆಟ್ಟರು. ಅವರ ಕಾವಲಿನವರು ಸಿಕ್ಕವರಿಗೆಲ್ಲ ಬಡಿದರು. ಆ ನೂಕಾಟಕ್ಕೆ ಎಣ್ಣೆ ಬಾಣಲೆ ಉರುಳಿ ಅಂಗಡಿಯವಳ ಕಾಲು ಬೆಂದುಹೋಯಿತು. ಅವಳ ದವಾಖಾನೆ ಖರ್ಚೆಲ್ಲ ಅಣ್ಣನೇ ನೋಡಿಕೊಂಡರು. ಆದರೆ ಮತ್ತೆಂದೂ ಊರೊಳಗೆ ಕಾರಿನಿಂದ ಇಳಿಯಲಿಲ್ಲ.

ನಾಗರಪಂಚಮಿಗೆ ಮಾತ್ರ ಗರಡಿಗೆ ಬರುತ್ತಿದ್ದರು. ಬಂದು ಏನು ಸುಖ? ಹೊಸ ಪೈಲ್ವಾನರೆಲ್ಲ ಅವರು ಮುಟ್ಟುತ್ತಲೇ ಬಿದ್ದು, ಎದ್ದು ಸೆಲ್ಫಿ ಕೇಳುತ್ತಿದ್ದರು. ಕೊನೆಯ ಪಂಚಮಿಯಂದು ಒಬ್ಬ ಹಾಗೇ ಮಲಗಿ ಹಲ್ಲು ಕಿಸಿದ. ಅಣ್ಣ ಅವನನ್ನು ಎತ್ತಿ ನಿಲ್ಲಿಸಿ ಕಪಾಳಕ್ಕೆ ಬಿಟ್ಟರು. ತುಟಿ ಸೀಳಿ ರಕ್ತ ಗದ್ದಕ್ಕೆ ಇಳಿಯಿತು. ಅವನು ಕೈಮುಗಿದು, "ಇನ್ನೊಂದು ಹೊಡೀರಿ ಅಣ್ಣಾರ, ವಿಡಿಯೋ ಮಾಡ್ಲಿ" ಅಂದ.

ಅಣ್ಣ ಅವನನ್ನು ಅಲ್ಲೇ ಬಿಟ್ಟು ನನ್ನ ಕಡೆ ತಿರುಗಿದರು.

"ಬಾರಲೇ ತಮ್ಮ. ನೀನರ ಖರೇ ಹಿಡಿ."

ಮುಖಕ್ಕೆ ಪೆಟ್ಟಾದರೆ ಸಿನಿಮಾದವರು ಬಿಡುತ್ತಾರೇನು ಅಂದೆ.

"ಆಗ್ಲಿ ಬಿಡು. ಎಲ್ಲಾರೂ ನನ್ನ ಮೈಮ್ಯಾಗ ಬೀಳ್ತಾರ, ನನ್ನ ಕೆಡವಾಂವ ಒಬ್ಬಾಂವನೂ ಇಲ್ಲ."

ಕಣಕ್ಕೆ ಇಳಿದೆ. ಮೊದಲ ಏಟಿಗೇ ಹಣೆಯಿಂದ ನನ್ನ ಹುಬ್ಬು ಒಡೆದರು. ಕಣ್ಣಿಗೆ ರಕ್ತ ಇಳಿದು ಅವರು ಮಸುಕಾಗಿ ಕಾಣುತ್ತಿದ್ದರು. ನನಗೂ ಸಿಟ್ಟು ಬಂತು. ಸೊಂಟ ಹಿಡಿದು ಮೂಟೆಯ ಹಾಗೆ ಎತ್ತಿ ಒಗೆದೆ. ಪಕ್ಕೆಲುಬು ಮುರಿದ ಸದ್ದು ನನಗೇ ಕೇಳಿಸಿತು.

ನಮ್ಮ ಗರಡಿಯಲ್ಲಿ ಒಂದು ಪದ್ಧತಿ ಇದೆ. ಕೆಡವಿದವನೇ ಕೈಕೊಟ್ಟು ಎಬ್ಬಿಸಿ ಬೆನ್ನಿನ ಮಣ್ಣು ಒರೆಸಬೇಕು. ಅಲ್ಲಿಯವರೆಗೆ ಮೂರನೆಯವನು ಕಣಕ್ಕೆ ಇಳಿಯಬಾರದು. ಬಾಗಿಲಲ್ಲಿ ನಿಂತಿದ್ದ ಬೆಂಗಳೂರಿನ ಕಾವಲಿನವರಿಗೆ ಅದೆಲ್ಲಿ ಗೊತ್ತು? ತಮ್ಮ ಸಾಹೇಬರನ್ನು ಕೊಲ್ಲಲು ಯಾರೋ ಬಂದ ಅಂದುಕೊಂಡರು. ಬೂಟು ಕಾಲಿನಲ್ಲೇ ಕಣಕ್ಕೆ ಜಿಗಿದು ನನಗೆ ಕೋಲಿನಿಂದ ಬಾರಿಸಿದರು. ನನ್ನ ಭುಜದ ಎಲುಬು ಮುರಿಯಿತು. ಇನ್ನಿಬ್ಬರು, ವಿಡಿಯೋ ಮಾಡುತ್ತ ನಿಂತ ಜನರ ಫೋನು ಕಿತ್ತು ನೆಲಕ್ಕೆ ಹಾಕಿ ತುಳಿದರು. ಅಣ್ಣನನ್ನು ಎತ್ತಲು ಬಗ್ಗಿದ ಕಾವಲಿನವನ ಕೈಯನ್ನು ಅಣ್ಣ ರಕ್ತ ಬರುವಂತೆ ಕಚ್ಚಿದರು.

"ಮುಟ್ಟಬ್ಯಾಡ್ರಿ ನನ್ನ. ಒಗೆದಾಂವ ಬರ್ಲಿ."

ತೆವಳಿಕೊಂಡು ಹೋದೆ. ಆಡುವ ಒಂದೇ ಕೈಯಿಂದ ಎಬ್ಬಿಸಿ ಕೂರಿಸಿ ಬೆನ್ನು ಒರೆಸಿದೆ. ಅವರು ನೋವಿಗೆ ನರಳುತ್ತಲೇ ನಗುತ್ತಿದ್ದರು. ಹಾಗೆ ನಕ್ಕಿದ್ದನ್ನು ನಾನು ಯಾವ ಸಿನಿಮಾದಲ್ಲೂ ನೋಡಿಲ್ಲ.

"ನಾ ಬಿದ್ದೆ ಅಂತ ಹೇಳಲೇ ಎಲ್ಲಾರ್ಗೂ. ನಾ ಹೇಳಿದ್ರ ಯಾರೂ ನಂಬಂಗಿಲ್ಲ."

ಶೂಟಿಂಗ್‌ನಲ್ಲಿ ಪೆಟ್ಟಾಯಿತು ಅಂತ ಟಿವಿಯಲ್ಲಿ ಬಂತು.

ಮುಂದಿನ ಪಂಚಮಿಗೆ ಮೊದಲೇ ಅಣ್ಣ ಹೃದಯ ನಿಂತು ಹೋಗಿಬಿಟ್ಟರು. ಹೊಸಪೇಟೆಗೆ ಓಡಿದೆ. ಗೇಟಿಗೆ ಹಗ್ಗ ಕಟ್ಟಿದ್ದರು, ಪೊಲೀಸರು ಲಾಠಿ ಬೀಸುತ್ತಿದ್ದರು. ಅವರ ಕುಸ್ತಿ ಜೋಡಿ ನಾನು ಅಂದರೆ, ಬೆಳಗಿನಿಂದ ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ ಅಂತ ಗೇಟಿನವನು ನೂಕಿದ. ಮೈಕಿನಲ್ಲಿ ಯಾರೋ, ಇವರ ಬೆನ್ನಿಗೆ ಮಣ್ಣು ಹತ್ತಿದ್ದೇ ಇಲ್ಲ ಎಂದು ಕೂಗುತ್ತಿದ್ದರು.

ಪಕ್ಕದವನಿಗೆ ಹೇಳಿದೆ, "ಇಲ್ಲರಿ, ಒಮ್ಮೆ ಬಿದ್ದಿದ್ರು. ನಾನ ಒಗೆದಿದ್ದೆ."

"ನಮ್ಮ ಅಣ್ಣಗ ಅಂತೀಯೇನಲೇ?" ಎಂದು ಅವನು ಬಾಯಿಗೇ ಗುದ್ದಿದ. ಅಳುತ್ತಿದ್ದವರೆಲ್ಲ ಸೇರಿಕೊಂಡರು. ಕೆಳಗೆ ಹಾಕಿ ತುಳಿದರು. ಮುಂದಿನ ಹಲ್ಲು ಮುರಿದು ಬಾಯಿ ತುಂಬ ರಕ್ತವಾಯಿತು. ಅದನ್ನು ಉಗುಳಿ, ಇನ್ನೊಮ್ಮೆ ಹೇಳಿದೆ.