ಯಾರನ್ನೂ ಕೇಳದ ಕಾವಲು

ಮನೆಯಲ್ಲಿ ಅವಳಿಗೆ ಚಿಲಕ ಎಂದೇ ಹೆಸರು. ಇಟ್ಟವಳು ಅಕ್ಕ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದಾಗ, ಬಾಗಿಲು ಹಾಕಿ ಬಂದವಳು ಮತ್ತೆ ಎದ್ದು ಹೋಗಿ ಚಿಲಕ ಮುಟ್ಟಿ ನೋಡಬೇಕು. ಹೊದ್ದು ಮಲಗಿದ ಮೇಲೆ ಇನ್ನೊಮ್ಮೆ ಹೋಗಬೇಕು. "ಎಷ್ಟು ಸಲ ನೋಡ್ತೀಯೇ? ಅದೇನು ಎದ್ದು ಓಡಿಹೋಗತ್ತಾ?" ಎಂದು ಅಕ್ಕ ನಗುತ್ತಿದ್ದಳು. ನಗುತ್ತಲೇ ಕಾಲು ಮಡಚಿ ದಾರಿ ಬಿಡುತ್ತಿದ್ದಳು.

ಇಂಥವಳಿಗೆ ದೊಡ್ಡವಳಾದ ಮೇಲೆ ಸಿಕ್ಕ ಕೆಲಸವೂ ಕಾವಲಿನದೇ. ಊರಿನ ದೊಡ್ಡ ಆಸ್ಪತ್ರೆಯ ದಾಖಲೆಗಳೆಲ್ಲ ಈಗ ವೆಬ್‌ಸೈಟಿನಲ್ಲಿವೆ. ವೈದ್ಯರು, ನರ್ಸುಗಳು, ಲ್ಯಾಬಿನವರು ಬೆಳಿಗ್ಗೆ ಒಮ್ಮೆ ಪಾಸ್‌ವರ್ಡ್ ಕೊಟ್ಟರೆ ಅವರ ಫೋನಿಗೊಂದು ಟೋಕನ್ ಬಂದು ಕೂರುತ್ತದೆ. ಇವರು ಯಾರು, ಏನೇನು ನೋಡಬಹುದು, ಎಷ್ಟು ಹೊತ್ತಿನವರೆಗೆ ಎಂಬುದೆಲ್ಲ ಅದರೊಳಗೇ ಇರುತ್ತದೆ, ಜೊತೆಗೆ ಎಲ್ಲ ಟೋಕನ್‌ಗಳಿಗೂ ಒಂದೇ ಆದ ಗುಟ್ಟಿನ ಮುದ್ರೆ. ಆಮೇಲೆ ಯಾವ ರೋಗಿಯ ಪುಟ ತೆರೆಯಲು ಹೋದರೂ ನಡುವೆ ಚಿಲಕ ಬರೆದ ಪ್ರೋಗ್ರಾಂ ಅಡ್ಡ ನಿಂತು ಟೋಕನ್ ತೋರಿಸು ಎನ್ನುತ್ತದೆ. ಸರಿಯಿದ್ದರೆ ಒಳಕ್ಕೆ, ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ.

ಮೊದಮೊದಲು ಈ ಕಾವಲು ಪ್ರತಿ ಸಲವೂ ಆಸ್ಪತ್ರೆಯ ನೌಕರರ ಪಟ್ಟಿಯನ್ನು ಕೇಳುತ್ತಿತ್ತು: ಇವರು ಇನ್ನೂ ಕೆಲಸದಲ್ಲಿದ್ದಾರಾ? ಕೇಳಿ ಉತ್ತರ ಬರುವಷ್ಟರಲ್ಲಿ ಪುಟ ತೆವಳುತ್ತಿತ್ತು, ನರ್ಸುಗಳು ಹಿಡಿಶಾಪ ಹಾಕುತ್ತಿದ್ದರು. ಚಿಲಕ ಆ ಕೇಳಾಟವನ್ನೇ ಕಿತ್ತುಹಾಕಿದಳು. ಮುದ್ರೆ ಸರಿಯಿದ್ದು ಹೊತ್ತು ಮೀರದಿದ್ದರೆ ಸಾಕು, ಯಾರನ್ನೂ ಕೇಳಬೇಕಿಲ್ಲ. ಪುಟಗಳು ಪಟಪಟ ತೆರೆದುಕೊಂಡವು. ಎಲ್ಲದಕ್ಕೂ "ಆಮೇಲೆ ನೋಡೋಣ" ಎನ್ನುವುದರಿಂದ ಆಫೀಸಿನಲ್ಲಿ ಆಮೇಲೆ ಎಂದೇ ಹೆಸರಾದ ಮ್ಯಾನೇಜರು ಅವತ್ತು ತಕ್ಷಣವೇ ಹೊಗಳಿದರು.

"ಸರ್, ಯಾರನ್ನಾದ್ರೂ ನಡುವೆ ಕೆಲಸದಿಂದ ತೆಗೆದ್ರೆ? ಅವರ ಟೋಕನ್ ಸಂಜೆವರೆಗೂ ನಡೀತಾನೇ ಇರತ್ತಲ್ಲ?" ಎಂದು ಅವಳು ಕೇಳಿದ್ದುಂಟು.

"ಆಮೇಲೆ ನೋಡೋಣ ಬಿಡಿ."

ಅವಳು ಬಿಟ್ಟಳು. ಮನೆಯಲ್ಲಿ ಹಾಸಿಗೆಯಿಂದ ಎದ್ದು ಹೋಗುವವಳು ಇಲ್ಲಿ ಕುರ್ಚಿಯಿಂದ ಏಳಲಿಲ್ಲ.

ಅಕ್ಕನ ಫೋನು ಬಂದದ್ದು ಮಧ್ಯಾಹ್ನ, ಊಟದ ಡಬ್ಬಿ ತೆರೆಯುವ ಹೊತ್ತಿಗೆ. ಭಾವ ಅದೇ ಆಸ್ಪತ್ರೆಯ ಲ್ಯಾಬಿನಲ್ಲಿದ್ದವನು. ಆತ ಅಕ್ಕನ ಕೈ ತಿರುಚಿ ಮೂಳೆ ಮುರಿದ ಮೇಲೆ ಅವಳು ಮಗಳನ್ನು ಕರೆದುಕೊಂಡು ಬೇರೆ ಮನೆ ಮಾಡಿದ್ದಳು. ಎಲ್ಲಿ ಎಂಬುದು ತಂಗಿಗೆ ಬಿಟ್ಟರೆ ನರಪಿಳ್ಳೆಗೂ ಗೊತ್ತಿರಲಿಲ್ಲ. ಅವತ್ತು ಬೆಳಿಗ್ಗೆ ಮಗುವಿಗೆ ಉಬ್ಬಸ ಜೋರಾಗಿ ಅದೇ ಆಸ್ಪತ್ರೆಗೆ ಓಡಬೇಕಾಯಿತು. ಕೌಂಟರಿನಲ್ಲಿ ವಿಳಾಸ ಕೇಳಿದರು. ಗಾಬರಿಯಲ್ಲಿ ನಿಜವಾದದ್ದನ್ನೇ ಹೇಳಿಬಿಟ್ಟಳು. ಅಷ್ಟರಲ್ಲಿ ಭಾವ ಅವರನ್ನು ಕಂಡು, ವಾರ್ಡಿನಲ್ಲೇ ಕೂಗಾಡಿ ರಾದ್ಧಾಂತ ಮಾಡಿದ.

"ಕೆಲಸದಿಂದ ಕಿತ್ತುಹಾಕಿದ್ರು ಕಣೇ!" ಅಕ್ಕನ ದನಿಯಲ್ಲಿ ಎಷ್ಟೋ ದಿನದ ಮೇಲೆ ಹುರುಪಿತ್ತು. "ಸೆಕ್ಯೂರಿಟಿಯವರು ಗೇಟಿನ ಆಚೆಗೆ ದಬ್ಬಿದ್ರು. ನಾವು ಹಿಂದಿನ ಗೇಟಿಂದ ಬಂದು ಮನೆ ಸೇರಿದ್ವಿ. ಇನ್ನು ನಮ್ಮ ಅಡ್ರೆಸ್ ಅವನಿಗೆ ಸಿಗಲ್ಲ ತಾನೇ? ನಿನ್ನದೇ ಕಾವಲಲ್ವಾ ಅಲ್ಲಿ?"

ಚಿಲಕ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. ಪಟ್ಟಿಯಿಂದ ಹೆಸರು ಹೊಡೆದಿರುತ್ತಾರೆ, ನಿಜ. ಆದರೆ ಕಾವಲು ಪಟ್ಟಿಯನ್ನು ಕೇಳುವುದೇ ಇಲ್ಲವಲ್ಲ! ಬೆಳಗಿನ ಟೋಕನ್ ಅವನ ಜೇಬಿನ ಫೋನಿನಲ್ಲಿ ಇನ್ನೂ ಬೆಚ್ಚಗಿದೆ. ಲ್ಯಾಬಿನವರಿಗೆ ಯಾವ ರೋಗಿಯ ಪುಟವೂ ತೆರೆಯುತ್ತದೆ.

"ಇಲ್ಲಕ್ಕ, ಸಿಗಲ್ಲ" ಎಂದಳು. ಹೆದರಿಸಬಾರದೆಂದು ಹಾಗೆಂದಳು. ಅದಕ್ಕಿಂತ ಹೆಚ್ಚಾಗಿ, ತಾನು ಬಿಟ್ಟ ಬಾಗಿಲನ್ನು ಅಕ್ಕನಿಗೆ ತೋರಿಸಲು ನಾಚಿಕೆಯಾಯಿತು.

ಅಕ್ಕನ ವಿಳಾಸ ಅಳಿಸೋಣವೆಂದರೆ ದಾಖಲೆ ತಿದ್ದುವ ಹಕ್ಕು ಅವಳಿಗಿಲ್ಲ. ಆ ನಿಯಮ ಬರೆದವಳೂ ಅವಳೇ. ಇದ್ದದ್ದು ಒಂದೇ ದಾರಿ. ಮುದ್ರೆಯನ್ನೇ ಬದಲಾಯಿಸಿದರೆ ಹಳೆಯ ಟೋಕನ್‌ಗಳೆಲ್ಲ ಒಮ್ಮೆಗೇ ಸತ್ತುಹೋಗುತ್ತವೆ. ಭಾವನದೂ, ಇಡೀ ಆಸ್ಪತ್ರೆಯದೂ. ಅದಕ್ಕೆ ಆಮೇಲೆಯವರ ಒಪ್ಪಿಗೆ ಬೇಕು. ಅವರು ಮೀಟಿಂಗಿನ ಬಾಗಿಲು ಅರ್ಧ ತೆರೆದು, "ಒಂದು ಮೇಲ್ ಹಾಕಿರಿ, ಆಮೇಲೆ ನೋಡೋಣ" ಎಂದರು.

ಹಾಕಿದಳು. ಮಾನ್ಯರೇ ಎಂದು ಶುರುಮಾಡಿ ತಮ್ಮ ವಿಶ್ವಾಸಿ ಎಂದು ಮುಗಿಸಿ, ಅಕ್ಷರ ತಪ್ಪು ಕೂಡ ತಿದ್ದಿ ಹಾಕಿದಳು. ಆಮೇಲೆ ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ನೀರು ಕುಡಿದು ಬಂದಳು. ಮೇಲ್ ನೋಡಿದಳು. ಮೇಜಿನ ಡ್ರಾಯರಿಗೆ ಬೀಗ ಹಾಕಿದೆಯೇ ಎಂದು ಎಳೆದು ನೋಡಿದಳು. ಒಳಗಿದ್ದದ್ದು ಒಂದು ಬಾಚಣಿಗೆ. ಮತ್ತೆ ನೀರಿಗೆ ಹೋದಳು. ಮೀಟಿಂಗಿನ ಕೋಣೆಯಿಂದ ನಗು ಕೇಳಿಸಿತು. ಆ ನಗುವಿಗೆ ಅವಳ ತಾಳ್ಮೆ ಕೆಟ್ಟು, ಬಂದು ಕೂತವಳೇ ಯಾರನ್ನೂ ಕೇಳದೆ ಮುದ್ರೆ ಬದಲಾಯಿಸಿಬಿಟ್ಟಳು.

ಆಫೀಸಿನ ಫೋನುಗಳೆಲ್ಲ ಒಟ್ಟಿಗೇ ಬಡಿದುಕೊಳ್ಳತೊಡಗಿದವು. ಡಾಕ್ಟರು ಬರೆಯುತ್ತಿದ್ದ ಚೀಟಿ ಅರ್ಧಕ್ಕೇ ಮಾಯ, ಲ್ಯಾಬಿನ ಪರದೆ ಖಾಲಿ, ಎಲ್ಲರೂ ಮತ್ತೆ ಪಾಸ್‌ವರ್ಡ್ ಹಾಕಬೇಕು. ಆಮೇಲೆಯವರು ಓಡೋಡಿ ಬಂದರು. "ಏನ್ರೀ ಮಾಡಿದ್ರಿ? ಯಾರನ್ನ ಕೇಳಿ ಮಾಡಿದ್ರಿ?"

"ಮಾಡಿದ್ದಾಯ್ತು ಸರ್. ಬೇಕಿದ್ರೆ ಆಮೇಲೆ ನನ್ನ ಕೆಲಸ ತೆಗೀರಿ" ಎಂದಳು. ಭುಜದ ಮೇಲಿನ ಮೂಟೆ ಇಳಿದಂತಾಗಿತ್ತು. ಈಗ ಬರಲಿ ನೋಡೋಣ ಆ ಮಹಾಶಯ ಎಂದುಕೊಂಡಳು.

ಆಗ ಅಕ್ಕ ಮತ್ತೆ ಫೋನ್ ಮಾಡಿದಳು. ಹುರುಪು ಇರಲಿಲ್ಲ.

"ಅವನಿಂದ ಮೆಸೇಜ್ ಬಂದಿದೆ. ಬೈಗುಳ ಇಲ್ಲ, ಏನಿಲ್ಲ. ನಮ್ಮ ಬೀದಿ ಹೆಸರು, ಮನೆ ನಂಬರು. ಅಷ್ಟೇ."

ತಾನು ಮೇಲ್‌ನ ಅಕ್ಷರ ತಪ್ಪು ತಿದ್ದುತ್ತಿದ್ದಾಗ ಅವನು ಒಳಗೆ ಹೋಗಿ ಬಂದಿದ್ದ. ಅವಳದೇ ಕಾವಲು, ಅವನನ್ನು ಏನೂ ಕೇಳದೆ ಬಿಟ್ಟಿತ್ತು.

"ಅಕ್ಕ, ಏನೂ ತಗೋಬೇಡ. ಮಗುನ ಎತ್ಕೋ, ಔಷಧಿ ತಗೋ, ಹಿತ್ತಲ ಕಡೆಯಿಂದ ಹೊರಡು. ಬಸ್ ಸ್ಟಾಂಡ್ ಹತ್ರ ಜನ ಇರೋ ಕಡೆ ನಿಂತ್ಕೋ. ನಾನು ಬಂದೆ."

ಸಂಜೆ ಚಿಲಕಳ ಒಂಟಿ ಕೋಣೆಯಲ್ಲಿ ಮಗು ಗೊರಗೊರ ಉಸಿರೆಳೆಯುತ್ತಾ ನಿದ್ದೆ ಹೋಯಿತು. ಅಕ್ಕ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಪೊಲೀಸರಿಗೆ ತಿಳಿಸಿಯಾಗಿತ್ತು. ಆದರೂ ಹೊರಗೆ ಮೆಟ್ಟಿಲ ಮೇಲೆ ಯಾರ ಚಪ್ಪಲಿ ಸದ್ದಾದರೂ ಇಬ್ಬರ ಮಾತೂ ನಿಲ್ಲುತ್ತಿತ್ತು.

"ಮಧ್ಯಾಹ್ನ ಸಿಗಲ್ಲ ಅಂದೆನಲ್ಲ, ಸುಳ್ಳು ಹೇಳಿದೆ ಅಕ್ಕ. ಬಾಗಿಲು ತೆಗೆದೇ ಇತ್ತು. ನಂಗೆ ಗೊತ್ತಿತ್ತು."

ಅಕ್ಕ ಮಗುವಿನ ಹೊದಿಕೆ ಸರಿಮಾಡಿದಳು.

"ಹೋಗಿ ಚಿಲಕ ನೋಡಿ ಬಾ" ಎಂದಳು.

ಚಿಲಕ ಎದ್ದು ಹೋಗಿ ಮುಟ್ಟಿ ನೋಡಿ ಬಂದಳು. ಹಾಕಿತ್ತು. ಬಂದು ಕೂರುವ ಮೊದಲೇ ಅಕ್ಕ ಕಾಲು ಮಡಚಿ ದಾರಿ ಬಿಟ್ಟಳು.

"ಇನ್ನೊಂದು ಸಲ ನೋಡೇ."