ತಾಂಬೂಲದ ಮುಂದೆ ಓದಿದ ವಾಕ್ಯ

ಪುಟ್ಟೀ, ಚಿನ್ನೂ, ನಾಲ್ಕು ಜನರ ಮುಂದೆ ಬಾಯಿ ಬಿಡದ ನಿಮ್ಮ ಈ ಅಜ್ಜಿ ಒಮ್ಮೆ ಒಂದೇ ವಾಕ್ಯದಲ್ಲಿ ಬೀಗರನ್ನು ಕಟ್ಟಿಹಾಕಿದ್ದಳು. ಎದುರಿಗೆ ಕೂತು ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಆಗಿನ್ನೂ ನಿಜಾಮರ ರಾಜ್ಯ. ಮಾನ್ವಿ ಹತ್ತಿರದ ನಮ್ಮೂರ ಶಾಲೆಯಲ್ಲಿ ನಾನು ಬರೆಯುತ್ತಿದ್ದುದೆಲ್ಲ ತುಂಡು ತುಂಡು. ‘ನಾನು ಎದ್ದೆ. ರೊಟ್ಟಿ ತಿಂದೆ. ಶಾಲೆಗೆ ಬಂದೆ.’ ಮಾಸ್ತರರು ನನ್ನ ಬಳಪದ ಪಾಟಿ ನೋಡಿ, “ಏನವ್ವಾ, ಜ್ವಾಳ ಚೆಲ್ಲಿದಂಗ ಚೆಲ್ಲೀಯಲ್ಲ! ಬೀಸಿ, ನಾದಿ, ರೊಟ್ಟಿ ಬಡಿ,” ಎಂದರು. ಸರಿಸಮದ ಮಾತುಗಳನ್ನು ಜೋಡೆತ್ತಿನಂತೆ ‘ಮತ್ತು’, ‘ಆದರೆ’ ಎಂಬ ನೊಗಕ್ಕೆ ಹೂಡಬೇಕಂತೆ. ಒಂದು ದೊಡ್ಡದು, ಒಂದು ಸಣ್ಣದಾದರೆ ಅವು ಆಕಳು, ಕರು. ‘ಎದ್ದು’, ‘ತಿಂದು’, ‘ಬಂದಿದ್ದರಿಂದ’ ಎಂಬ ಕರುಗಳು ಕುಣಿಯುತ್ತ ಮುಂದೆ ಬರುತ್ತವೆ, ಆಕಳು, ಅಂದರೆ ಅರ್ಥ ಮುಗಿಸುವ ಕ್ರಿಯಾಪದ, ಕೊನೆಗೆ. ಅದು ಬರುವ ತನಕ ಓದುವವನು ದಾರಿ ಕಾಯಲೇಬೇಕು. ಈ ಕೊನೆಯ ಮಾತು ನನಗೆ ಬಹಳ ರುಚಿಸಿತು.

ಆ ವರ್ಷವೇ ದೇವದುರ್ಗದಿಂದ ನನ್ನನ್ನು ನೋಡಲು ಬಂದರು. ಶಾಲೆ ಮುಗಿಯಲು ಇನ್ನೊಂದು ವರ್ಷವಿತ್ತು. ಮುಗಿಸಲೇಬೇಕೆಂಬ ಆಸೆ ನನಗೆ. ಅಪ್ಪನಿಗೆ ಹೇಳುವ ಧೈರ್ಯ ಮಾತ್ರ ಇಲ್ಲ. ನಮ್ಮಲ್ಲಿ ತಾಂಬೂಲದ ತಾಟು ನಡುವೆ ಇಟ್ಟ ಮೇಲೆ ಗಂಡಿನ ಕಡೆಯ ಹಿರಿಯರು ಬಾಯಿಬಿಟ್ಟು ಅಂದದ್ದೇ ಮಾತು. ಹಿಂದೆ ತೆಗೆದುಕೊಳ್ಳುವಂತಿಲ್ಲ.

ಹುಡುಗನ ಅಪ್ಪನಿಗೆ ಓದು ಬರುತ್ತಿತ್ತು, ಅದನ್ನು ಓಣಿಗೆಲ್ಲ ಕೇಳಿಸುವ ಚಟವೂ ಇತ್ತು. ತಾಟು ಇಟ್ಟ ಕೂಡಲೇ, “ಹುಡುಗಿ ಏನರ ಬರೀಲಿ, ನಾ ಓದ್ತೀನಿ,” ಎಂದರು. ನಾನು ಬಾಗಿಲ ಮರೆಯಲ್ಲಿ ಕೂತು ಪಾಟಿ ತುಂಬಿಸಿ ಕಳಿಸಿದೆ. ಅವರು ಗಂಟಲು ಸರಿಮಾಡಿಕೊಂಡು ಪುರಾಣದ ಧಾಟಿಯಲ್ಲಿ ಶುರು ಮಾಡಿದರು:

“ದೇವದುರ್ಗದಿಂದ ಬಿಸಿಲಲ್ಲಿ ಬಂಡಿ ಕಟ್ಟಿಕೊಂಡು ಬಂದು, ಮಂಡಾಳ ಒಗ್ಗರಣೆ ತಿಂದು, ಹುಡುಗಿಯನ್ನು ನೋಡಿ ನಾವು ಒಪ್ಪಿದ್ದೇವೆ, ಆದರೆ ಆಕೆಯ ಶಾಲೆ ಇನ್ನೊಂದು ವರ್ಷ ಉಳಿದಿರುವುದರಿಂದ, ಅದು ಮುಗಿಯುವ ತನಕ ಮದುವೆ ಮಾಡಿಕೊಳ್ಳುವುದಿಲ್ಲ.”

‘ಒಪ್ಪಿದ್ದೇವೆ’ ಎಂದಾಗ ಹೆಂಗಸರು ಕಿಸಕ್ಕನೆ ನಕ್ಕರು. ಕೊನೆ ಮುಟ್ಟಿದಾಗ ಹುಡುಗನ ಅಪ್ಪ ಪಾಟಿಯನ್ನು ತಾಟಿನ ಪಕ್ಕ ಕೆಳಗಿಟ್ಟರು.

“ಯಪ್ಪಾ! ನಾ ಈಗ ಓದಿದೆನೋ, ಮಾತು ಕೊಟ್ಟೆನೋ?” ಎಂದು ಅವರು ಸುತ್ತ ನೋಡಿದರು.

“ತಾಟಿನ ಮುಂದ ಅಂದೀರಿ, ಮುಗೀತ್ರಿ,” ಎಂದಳು ನನ್ನವ್ವ ಒಳಗಿನಿಂದ.

ಅಪ್ಪ ಬಾಗಿಲ ಕಡೆ ಕಣ್ಣು ಕೆಂಪಗೆ ಮಾಡಿದ. ಆದರೆ ಆ ಹಿರಿಯರು ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟರು. “ಇಕಿ ಮೂಗಿ ಅಂತ ಯಾರೋ ಹೇಳಿದ್ರು, ನನ್ನ ಬಾಯಿಲೇ ಮಾತಾಡಿಬಿಟ್ಲಲ್ರೀ! ಕಲೀಲಿ ಬಿಡ್ರಿ, ಒಂದ್ ವರ್ಷ ತಡದ್ರ ನಮ್ಮ ಮನಿ ಏನು ಬೀಳಂಗಿಲ್ಲ.”

ಶಾಲೆ ಮುಗಿಸಿಯೇ ಸೊಸೆಯಾಗಿ ಹೋದೆ. ಆಮೇಲೆ ನಾನು ಏನು ಬರೆದುಕೊಟ್ಟರೂ ಮಾವ ಕೊನೆಯ ಸಾಲನ್ನು ಮೊದಲು ಕಣ್ಣಲ್ಲೇ ಓದಿಕೊಂಡು, ಆಮೇಲೆ ದನಿ ಎತ್ತುತ್ತಿದ್ದರು.

ರಾಯಚೂರಿನ ಈ ಮನೆಯಲ್ಲಿ ಹಳೇ ಪೇಪರಿನವನು ಬಂದಾಗ ನಿಮ್ಮಪ್ಪ ಏನು ಎತ್ತ ನೋಡದೆ ಎಲ್ಲ ತೂಕಕ್ಕೆ ಹಾಕಿಬಿಡುತ್ತಾನೆ. ಈ ಹಾಳೆಗಳನ್ನು ನೀವೇ ಎತ್ತಿಟ್ಟು ಜೋಪಾನ ಮಾಡಿ.